ಹಿರಿಯರ ಸಹಾಯವಾಣಿ 14567: ಗಾಯ ಕಾಣದ ನೋವನ್ನೂ ಕೇಳಿಸಿಕೊಂಡವರು

ಹೊಡೆದಿಲ್ಲ, ಊಟ ನಿಲ್ಲಿಸಿಲ್ಲ, ಮನೆಯಿಂದ ಆಚೆ ಹಾಕಿಲ್ಲ. ಆದರೂ ವಯಸ್ಸಾದವರೊಬ್ಬರು ತಾವೇ ಕಟ್ಟಿಸಿದ ಮನೆಯಲ್ಲಿ ಹೆದರಿಕೊಂಡು ದಿನ ದೂಡುತ್ತಿದ್ದಾರೆ ಅಂತ ಗೊತ್ತಾದರೆ ಯಾರಿಗೆ ಹೇಳಬೇಕು? ನಾನು 14567ಕ್ಕೆ ಫೋನ್ ಮಾಡಿದೆ. ಇದು ಎಲ್ಡರ್‌ಲೈನ್, ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ಹಿರಿಯರ ಸಹಾಯವಾಣಿ. ಕರೆಗೆ ದುಡ್ಡಿಲ್ಲ. ವಾರದ ಏಳೂ ದಿನ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. 2021ರ ಅಕ್ಟೋಬರ್ 1ರಂದು, ಹಿರಿಯ ನಾಗರಿಕರ ದಿನ, ಇದನ್ನು ದೇಶಕ್ಕೆಲ್ಲ ಅನ್ವಯಿಸಿ ಉದ್ಘಾಟಿಸಿದರು. ಪೆನ್ಷನ್ ವಿಚಾರ, ವೃದ್ಧಾಶ್ರಮದ ಮಾಹಿತಿ, ಕಾನೂನು ಸಲಹೆ, ಬೀದಿಗೆ ಬಿದ್ದ ಹಿರಿಯರ ರಕ್ಷಣೆ ಎಲ್ಲವೂ ಅವರ ಕೆಲಸದಲ್ಲಿ ಸೇರಿದೆ. ನಾನು ಬರೆಯುತ್ತಿರುವುದು ಒಂದೇ ವಿಷಯದ ಬಗ್ಗೆ: ಮನಸ್ಸಿಗೆ ಕೊಡುವ ಹಿಂಸೆ. ಅದಕ್ಕೆ ಈ ಸೇವೆ ಎಷ್ಟು ಉಪಯೋಗಕ್ಕೆ ಬರುತ್ತದೆ, ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ನಾನು ಮೈಸೂರಿನಲ್ಲಿ ಅಂಚೆ ಕಚೇರಿಯ ಆರ್‌ಡಿ ಏಜೆಂಟ್. ಮನೆಮನೆಗೆ ಹೋಗಿ ತಿಂಗಳ ಕಂತು ಸಂಗ್ರಹಿಸಿ, ಪಟ್ಟಿ ಮಾಡಿ, ಕೌಂಟರಿನಲ್ಲಿ ಕಟ್ಟುವ ಕೆಲಸ. ನನ್ನ ಗ್ರಾಹಕರಲ್ಲಿ ನಿವೃತ್ತರೇ ಹೆಚ್ಚು. ದುಡ್ಡು ಕಟ್ಟಿದವರ ಹತ್ತಿರ ಒಂದು ಕಾರ್ಡು ಇರುತ್ತದೆ, ಪ್ರತಿ ಸಲ ಹಣ ತೆಗೆದುಕೊಂಡಾಗ ಅದರಲ್ಲಿ ನಾನು ಸಹಿ ಹಾಕಬೇಕು. ಆ ನೆಪದಲ್ಲಿ ಒಳಗೆ ಕೂರುತ್ತೇನೆ, ನೀರು ಕುಡಿಯುತ್ತೇನೆ, ನಾಲ್ಕು ಮಾತಾಡುತ್ತೇನೆ. ನೆಂಟರು ಬರುತ್ತಾರೆ ಅಂದರೆ ಮನೆ ಒಪ್ಪ ಮಾಡುತ್ತಾರೆ, ಮಾತೂ ಒಪ್ಪ ಮಾಡುತ್ತಾರೆ. ಆರ್‌ಡಿಯವಳು ಬಂದರೆ ಯಾರೂ ಏನೂ ಬದಲಾಯಿಸುವುದಿಲ್ಲ. ಹಾಗಾಗಿ ನನಗೆ ಕಾಣುವುದು ಜಾಸ್ತಿ.

ಟೀಚರಮ್ಮ ಅಂತಲೇ ನಾವೆಲ್ಲ ಕರೆಯುವ ಒಬ್ಬರಿದ್ದಾರೆ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತರಾದವರು. ಯಜಮಾನರು ತೀರಿಕೊಂಡಿದ್ದಾರೆ. ಮಗ, ಸೊಸೆ, ಒಬ್ಬ ಮೊಮ್ಮಗ ಜೊತೆಗಿದ್ದಾರೆ. ಮನೆ ಅವರ ಹೆಸರಿನಲ್ಲಿದೆ. ಅವರನ್ನು ಕೇಳಿ, ಅವರ ಒಪ್ಪಿಗೆ ತೆಗೆದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಮೊದಲು ಕಂಡದ್ದು ಕಾರ್ಡಿನ ವಿಷಯ. ಮೊದಲೆಲ್ಲ ನಾನು ಗೇಟು ತೆಗೆಯುವ ಸದ್ದಿಗೇ ಕಾರ್ಡು, ದುಡ್ಡು ಎರಡೂ ಟೀಪಾಯಿ ಮೇಲೆ ಬಂದಿರುತ್ತಿತ್ತು. ಆಮೇಲೆ ಒಂದು ತಿಂಗಳು, "ಕಾರ್ಡು ಮಗನ ಹತ್ರ ಇದೆ, ಅವನು ಬರ್ಲಿ" ಅಂದರು. ಮುಂದಿನ ತಿಂಗಳೂ ಅದೇ. ಮಗ ಬಂದು ಬೀರುವಿನಿಂದ ಕಾರ್ಡು ತೆಗೆದುಕೊಟ್ಟು, ತಾಯಿ ಎದುರಿಗೇ ಕೂತಿರುವಾಗ ನನಗೆ ಹೇಳಿದರು: "ಅಮ್ಮಂಗೆ ಈಗ ಏನೂ ನೆನಪಿರಲ್ಲ ಮೇಡಂ. ಇನ್ಮೇಲೆ ಏನಿದ್ರೂ ನನ್ನನ್ನೇ ಕೇಳಿ." ಟೀಚರಮ್ಮ ಬಾಯಿ ತೆಗೆಯಲಿಲ್ಲ. ನಾನು ಹೊರಡುವಾಗ ಗೇಟಿನ ತನಕ ಬಂದು, ಯಾವ ಖಾತೆ ಯಾವ ತಿಂಗಳು ಮುಗಿಯುತ್ತದೆ, ಕೈಗೆ ಎಷ್ಟು ಬರುತ್ತದೆ ಅಂತ ಮೆಲ್ಲಗೆ ಹೇಳಿದರು. ಒಂದೂ ತಪ್ಪಿರಲಿಲ್ಲ.

ಆಮೇಲಿಂದ ಗಮನ ಕೊಡತೊಡಗಿದೆ. ಏನು ಕೇಳಿದರೂ ಉತ್ತರ ಕೊಡುವ ಮುಂಚೆ ಒಳಬಾಗಿಲ ಕಡೆ ನೋಡುತ್ತಾರೆ. ಅವರ ಫೋನಿಗೆ ರೀಚಾರ್ಜ್ ಇಲ್ಲ, ಕೇಳಿದರೆ "ನಂಗ್ಯಾರು ಮಾಡ್ತಾರೆ ಫೋನು" ಅನ್ನುತ್ತಾರೆ. ರಾಮಮಂದಿರದ ಭಜನೆಗೆ ಹೋಗುವುದು ನಿಂತಿದೆ. ಮೊಮ್ಮಗ ಅಜ್ಜಿಯ ರೂಮಿನ ಹೊಸ್ತಿಲ ತನಕ ಬರುತ್ತಾನೆ, ಅಡಿಗೆಮನೆಯಿಂದ ಅವನ ಹೆಸರು ಕೂಗುತ್ತಾರೆ, ವಾಪಸ್ ಹೋಗುತ್ತಾನೆ. ತಟ್ಟೆ ತಂದು ಇಟ್ಟು ಹೋಗುತ್ತಾರೆ, ಮಾತಿಲ್ಲ. ಇರುವ ಮಾತೆಲ್ಲ ಅವರ ತಲೆಯ ಮೇಲಿಂದ: "ಇವರನ್ನ ಆಶ್ರಮಕ್ಕೆ ಬಿಟ್ರೇನೇ ಸರಿ." ಅದೂ ನಾನು ಕೂತಿರುವಾಗ. ನಾನಿಲ್ಲದಾಗ ಏನು ಅನ್ನುತ್ತಿದ್ದರು ಅನ್ನುವುದು ಆಮೇಲೆ ಅವರೇ ಬರೆದದ್ದನ್ನು ಓದಿ ಗೊತ್ತಾಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮನೆ ಅಂದಮೇಲೆ ಜಗಳ ಇರುತ್ತದೆ. ವಯಸ್ಸಾದವರೂ ರೇಗುತ್ತಾರೆ, ಹಟ ಮಾಡುತ್ತಾರೆ, ಸೊಸೆ ಒಂದು ದಿನ ಎದುರು ಮಾತಾಡುತ್ತಾಳೆ, ಸಂಜೆಗೆ ಎಲ್ಲ ಸರಿಹೋಗುತ್ತದೆ. ಅಂಥದ್ದಕ್ಕೆ ಯಾರೂ ಫೋನ್ ಮಾಡಬೇಕಿಲ್ಲ. ನಾನು ನೋಡುವುದು ಎರಡು ವಿಷಯ: ಇದು ದಿನದಿನವೂ ನಡೆಯುತ್ತಿದೆಯಾ? ಒಬ್ಬರು ಇನ್ನೊಬ್ಬರಿಗೆ ಹೆದರುತ್ತಿದ್ದಾರಾ? ಎರಡಕ್ಕೂ ಹೌದು ಅಂತಾದರೆ ಅದು ಜಗಳ ಅಲ್ಲ. ಫೋನು, ದುಡ್ಡು, ಗೆಳತಿಯರು, ಮೊಮ್ಮಕ್ಕಳು, ಗುಡಿ, ಹೀಗೆ ಒಂದೊಂದೇ ಕೈತಪ್ಪುತ್ತಾ ಬಂದಿದ್ದರೆ ಇನ್ನೂ ಸ್ಪಷ್ಟ. ಗಂಡಸರಿಗೂ ಇದು ನಡೆಯುತ್ತದೆ. ನನ್ನ ಗ್ರಾಹಕರಲ್ಲಿ ಒಬ್ಬ ತಾತ ಇದ್ದಾರೆ, ಮಗಳು ಅಮೆರಿಕದಿಂದ ದಿನಾ ವಿಡಿಯೋ ಕಾಲ್ ಮಾಡುತ್ತಾಳೆ. ನೋಡಿಕೊಳ್ಳುವ ಹುಡುಗ ಸ್ಪೀಕರ್ ಹಾಕಿ ಪಕ್ಕದಲ್ಲೇ ನಿಂತಿರುತ್ತಾನೆ. ತಾತ "ಚೆನ್ನಾಗಿದ್ದೀನಮ್ಮ" ಅನ್ನುವುದನ್ನು ಬಿಟ್ಟರೆ ಬೇರೆ ಮಾತಿಲ್ಲ. ಹೊರಗಿರುವ ಮಕ್ಕಳು ಆಗಾಗ ನಂಬಿಕೆಯವರೊಬ್ಬರನ್ನು ಮನೆಗೆ ಕಳಿಸಿ, ಅಪ್ಪ ಅಮ್ಮನ ಜೊತೆ ಒಬ್ಬರೇ ಇರುವಾಗ ಮಾತಾಡಿಸಿ ಅಂತ ಹೇಳಬೇಕು.

ಟೀಚರಮ್ಮನ ವಿಷಯಕ್ಕೆ ಬರುತ್ತೇನೆ. ಮೊದಲು ಅವರ ನೆಂಟರೊಬ್ಬರಿಗೆ ಹೇಳಿದೆ. "ಯಾರ ಮನೇಲಿ ಇಲ್ಲ ಹೇಳಿ, ಊಟಕ್ಕೇನೂ ಕಮ್ಮಿ ಮಾಡಿಲ್ವಲ್ಲ" ಅಂದರು. ಒಂದು ಪೊಲೀಸ್ ಠಾಣೆಯಲ್ಲಿ ವಿಚಾರಿಸಿದೆ, ಯಾವುದು ಅಂತ ಬೇಡ. "ಹೊಡೆದ್ರಾ? ಗಾಯ ಏನಾದ್ರೂ ಆಗಿದ್ಯಾ? ಇಲ್ಲಾಂದ್ರೆ ಮನೆ ವಿಷಯ, ಕೂತು ಮಾತಾಡ್ಕೊಳ್ಳೋಕೆ ಹೇಳಿ." ಬೈದು ಕಳಿಸಲಿಲ್ಲ, ಕೂರಿಸಿಯೇ ಮಾತಾಡಿದರು. ಆದರೆ ಗಾಯ ಇಲ್ಲದಿದ್ದರೆ ಅವರಿಗೆ ಹಿಡಿದುಕೊಳ್ಳಲು ಏನೂ ಇಲ್ಲ.

14567ರಲ್ಲಿ ಕನ್ನಡದಲ್ಲೇ ಮಾತಾಡಿದರು. ಗಾಯದ ಪ್ರಶ್ನೆಯಿಂದ ಶುರು ಮಾಡಲಿಲ್ಲ. ಅವರಿಗೆ ಈಗ ತಕ್ಷಣದ ಅಪಾಯ ಇದೆಯಾ, ನೀವು ಫೋನ್ ಮಾಡಿರುವುದು ಅವರಿಗೆ ಗೊತ್ತಾ, ಅವರು ಒಬ್ಬರೇ ಇರುವ ಹೊತ್ತು ಯಾವುದು, ಮನೆ ಯಾರ ಹೆಸರಲ್ಲಿದೆ, ಎಟಿಎಂ ಕಾರ್ಡು ಯಾರ ಕೈಲಿದೆ, ಮಾತ್ರೆ ಯಾರು ಕೊಡುತ್ತಾರೆ, ಹೊರಗೆ ಹೋಗುವುದಕ್ಕೆ ಯಾರನ್ನಾದರೂ ಕೇಳಬೇಕಾ. ಹೀಗೆ ಒಂದರ ಹಿಂದೆ ಒಂದು. ಉತ್ತರ ಹೇಳುತ್ತಾ ಹೋದಂತೆ, ತಿಂಗಳುಗಳಿಂದ ಬಿಡಿಬಿಡಿಯಾಗಿ ನನ್ನ ಕಣ್ಣಿಗೆ ಬಿದ್ದದ್ದೆಲ್ಲ ಒಂದು ಸಾಲಿಗೆ ಬಂತು. ಕೊನೆಗೆ ಕೇಳಿದರು: "ಮೇಡಂ, ಅವರಿಗೆ ಏನು ಬೇಕು ಅಂತ ಅವರನ್ನ ಕೇಳಿದ್ದೀರಾ?"

ನೆಂಟರೂ ಕೇಳಿರಲಿಲ್ಲ, ಠಾಣೆಯವರೂ ಕೇಳಿರಲಿಲ್ಲ. ನಾಲ್ಕು ಅಂಕದಲ್ಲಿ ಎರಡು ಈ ಒಂದು ಪ್ರಶ್ನೆಗೇ ಹೋಗುತ್ತದೆ.

ಜೀವಕ್ಕೆ ಅಪಾಯ ಇಲ್ಲದಿರುವಾಗ ಹಿರಿಯರ ಒಪ್ಪಿಗೆ ಇಲ್ಲದೆ ಮನೆಗೆ ಹೋಗುವುದಿಲ್ಲ ಅಂದರು. ಹೋದರೆ ಅವರ ಸ್ಥಿತಿ ಇನ್ನೂ ಕೆಡಬಹುದು ಅಂತ. ಟೀಚರಮ್ಮನನ್ನು ಕೇಳಿದೆ. ಬೇಡವೇ ಬೇಡ ಅಂದರು. "ನೀವೆಲ್ಲ ಬಂದು ಮಾತಾಡಿ ಹೋಗ್ತೀರಿ. ಆಮೇಲೆ ನಾನಿಲ್ಲೇ ಇರಬೇಕಲ್ಲಮ್ಮ." ಅವತ್ತು ಒತ್ತಾಯ ಮಾಡಲಿಲ್ಲ. ಫೋನಿನಲ್ಲಿ ಹೇಳಿದ್ದೂ ಅದನ್ನೇ: ಬಲವಂತ ಬೇಡ, ಹೋಗಿ ಬರುವುದನ್ನು ಬಿಡಬೇಡಿ, ಒಬ್ಬರಾದರೂ ತಮ್ಮ ಕಡೆ ಇದ್ದಾರೆ ಅಂತ ಅವರಿಗೆ ಗೊತ್ತಿರಲಿ. ಕೆಲವು ತಿಂಗಳು ಹೀಗೇ ಹೋಯಿತು. ಒಂದು ದಿನ ಅವರೇ, "ಆ ನಂಬರ್ ಇನ್ನೊಂದ್ಸಲ ಹೇಳಿ" ಅಂದರು. ರಾಮಮಂದಿರದ ಜಗಲಿಯಲ್ಲಿ ಕೂತು ನನ್ನ ಫೋನಿನಿಂದ ಅವರೇ ಮಾತಾಡಿದರು. ನಾನು ದೂರ ಹೋಗಿ ನಿಂತೆ. ಮುಕ್ಕಾಲು ಗಂಟೆ ಮಾತಾಡಿದರು, ಯಾರೂ ಅವಸರ ಮಾಡಿ ಇಡಿಸಲಿಲ್ಲ.

ಆಮೇಲೆ ಕ್ಷೇತ್ರ ಸಿಬ್ಬಂದಿಯ ಹುಡುಗಿಯೊಬ್ಬಳು ಬಂದಳು. ಮನೆಗಲ್ಲ, ಅದೇ ರಾಮಮಂದಿರಕ್ಕೆ. ಏನು ಬೇಕಮ್ಮ ನಿಮಗೆ ಅಂತ ಕೇಳಿದಳು. ಟೀಚರಮ್ಮ ಯೋಚಿಸಿ ಹೇಳಿದರು: "ಮಗನ ಮೇಲೆ ಕೇಸು ಬೇಡ. ನನ್ನ ಫೋನು ನನ್ನ ಹತ್ರ ಇರಬೇಕು. ಪೆನ್ಷನ್ ನನ್ನ ಕೈಗೆ ಬರಬೇಕು, ಮನೆಗೆ ಕೊಡೋದನ್ನ ನಾನೇ ಕೊಡ್ತೀನಿ. ಮೊಮ್ಮಗ ನನ್ನ ರೂಮಿಗೆ ಬರಬೇಕು. ಅವನು ನನ್ನ ಜೊತೆ ಮಾತಾಡಬೇಕು." ಕೊನೆಯ ಮಾತಿಗೆ ಗಂಟಲು ಕಟ್ಟಿತು. ಹುಡುಗಿ ಇದನ್ನೆಲ್ಲ ಅವರ ಮಾತಿನಲ್ಲೇ ಬರೆದುಕೊಂಡು, ಓದಿ ಹೇಳಿ, ಸರಿಯಾಗಿದೆಯಾ ಅಂತ ಕೇಳಿದಳು.

ಅವಳು ಕೊಟ್ಟ ಸಲಹೆಗಳಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಬರೆದಿಡುವುದು. ಏನು ನಡೆಯಿತು, ಯಾವತ್ತು, ಯಾರಿದ್ದರು, ಏನಂದರು. ನಿಮ್ಮ ಅಭಿಪ್ರಾಯ ಬೇಡ, ನಡೆದದ್ದು ಮಾತ್ರ. ಮೂವತ್ತು ವರ್ಷಕ್ಕೂ ಮೇಲೆ ಪಾಠ ಟಿಪ್ಪಣಿ ಬರೆದವರು ಟೀಚರಮ್ಮ, ಅವರಿಗೆ ಇದು ಹೇಳಿಕೊಡಬೇಕಿರಲಿಲ್ಲ. ಮೊಮ್ಮಗ ಅರ್ಧ ಬರೆದು ಬಿಟ್ಟಿದ್ದ ಒಂದು ಗೆರೆ ನೋಟ್‌ಬುಕ್ಕಿನ ಹಿಂಬದಿಯಿಂದ ಶುರು ಮಾಡಿದರು. ದುಂಡು ಅಕ್ಷರ, ಎಡಗಡೆ ಅಂಚು ಬಿಟ್ಟು ದಿನಾಂಕ. ಒಂದು ಪುಟ ನನಗೆ ತೋರಿಸಿದರು:

"ಬುಧವಾರ. ಬೆಳಿಗ್ಗೆ 8. ಕಾಫಿ ಕೇಳಿದೆ. ಉತ್ತರ ಬರಲಿಲ್ಲ. ಇನ್ನೊಂದು ಸಲ ಕೇಳಿದೆ. ಟಿವಿ ಸೌಂಡ್ ಜಾಸ್ತಿ ಮಾಡಿದ.

ಗುರುವಾರ. ಕನ್ನಡಕ ಕಾಣಲಿಲ್ಲ. ಎಲ್ಲೋ ಮರೆತಿದ್ದೀಯ ಎಂದ. ರಾತ್ರಿ ಟಿವಿ ಸ್ಟ್ಯಾಂಡಿನ ಹಿಂದೆ ಇತ್ತು. ನಾನು ಅಲ್ಲಿ ಇಡುವುದಿಲ್ಲ.

ಶನಿವಾರ. ಪೆನ್ಷನ್ ಬರುತ್ತೆ ಅಂತ ಇಟ್ಟುಕೊಂಡಿದ್ದೀವಿ ಎಂದ. ಮಗು ಕೇಳಿಸಿಕೊಂಡಿತು."

ಇಷ್ಟೇ. ಎಲ್ಲೂ ಅಯ್ಯೋ ಇಲ್ಲ, ಬೈಗುಳ ಇಲ್ಲ. ಹಾಗೇ ಇಪ್ಪತ್ತು ಪುಟ. ಒಂದೊಂದನ್ನೇ ಎತ್ತಿ ಹೇಳಿದರೆ "ಅಷ್ಟೇನಾ" ಅನ್ನುವಂಥವು. ಒಟ್ಟಿಗೆ ಓದಿದವರು ಯಾರೂ ಅಷ್ಟೇನಾ ಅನ್ನಲಾರರು. ನೋಟ್‌ಬುಕ್ ಮನೆಯಲ್ಲಿ ಇಡಬೇಡಿ, ಇಲ್ಲವೇ ಫೋಟೊ ತೆಗೆದು ನಂಬಿಕೆಯವರಿಗೆ ಕಳಿಸಿ ಅಂತಲೂ ಆ ಹುಡುಗಿ ಹೇಳಿದ್ದಳು. ಫೋಟೊಗಳು ನನ್ನ ಫೋನಿನಲ್ಲಿವೆ.

ಇನ್ನೊಂದು ಕೆಲಸವನ್ನೂ ಅವಳು ಮಾಡಿಸಿದಳು. "ಮರೆವು ಮರೆವು ಅಂತಾರಲ್ಲ, ಡಾಕ್ಟರ್ ಹತ್ರ ನೋಡಿಸೋಣ. ಇದ್ರೆ ಚಿಕಿತ್ಸೆ ಬೇಕು, ಇಲ್ದಿದ್ರೆ ಆ ಮಾತು ಅಲ್ಲಿಗೆ ನಿಲ್ಲುತ್ತೆ." ನಾನೇ ಆಟೋದಲ್ಲಿ ಕರೆದುಕೊಂಡು ಹೋದೆ. ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯುತ್ತಾ ಬನ್ನಿ, ಈ ಮೂರು ಪದ ನೆನಪಿಟ್ಟುಕೊಂಡು ಆಮೇಲೆ ಹೇಳಿ, ಗಡಿಯಾರ ಬರೆದು ಮುಳ್ಳು ಇಡಿ. ಟೀಚರಮ್ಮ ಪರೀಕ್ಷೆ ಬರೆಯುವ ಮಗುವಿನ ಹಾಗೆ ನೆಟ್ಟಗೆ ಕೂತು ಎಲ್ಲವನ್ನೂ ಮಾಡಿದರು. ನೆನಪಿನ ಶಕ್ತಿ ಸರಿಯಾಗೇ ಇದೆ, ಎಡಗಿವಿ ಮಂದವಾಗಿದೆ, ನಿದ್ದೆ ಇಲ್ಲ, ಮನಸ್ಸು ಕುಗ್ಗಿದೆ ಅಂದರು ಡಾಕ್ಟರು. ಕಿವಿಗೆ ಮಷೀನು ಬರೆದುಕೊಟ್ಟರು. ಮಗ ಮರೆವು ಅಂದುಕೊಂಡಿದ್ದರಲ್ಲಿ ಸ್ವಲ್ಪ ಭಾಗ ಕೇಳಿಸದೆ ಇದ್ದದ್ದು. ಈ ಹೆಜ್ಜೆ ಯಾಕೆ ಮುಖ್ಯ ಅಂದರೆ, ಮಂಕಾಗಿರುವ ಹಿರಿಯರೆಲ್ಲ ಹಿಂಸೆಗೆ ಒಳಗಾದವರೇ ಆಗಿರಬೇಕಿಲ್ಲ. ಖಿನ್ನತೆ, ಥೈರಾಯ್ಡ್, ಬಿ12 ಕೊರತೆ, ನಿಜವಾದ ಮರೆವಿನ ಕಾಯಿಲೆ ಏನು ಬೇಕಾದರೂ ಇರಬಹುದು. ಕಾಯಿಲೆಯೂ ಇದ್ದು ಹಿಂಸೆಯೂ ಇರಬಹುದು. ಮನಸ್ಸಿನ ಭಾರಕ್ಕೆ ಸರ್ಕಾರದ್ದೇ ಟೆಲಿ ಮಾನಸ್ ಇದೆ, 14416. ಅದು ರಾತ್ರಿಯೂ ಇರುತ್ತದೆ. ನಿದ್ದೆ ಬಾರದ ಹೊತ್ತಿನಲ್ಲಿ ಟೀಚರಮ್ಮ ಅಲ್ಲಿಗೂ ಮಾತಾಡಿದ್ದಾರೆ.

ಮನೆಯಲ್ಲಿ ಮಾತುಕತೆ ಆಮೇಲೆ ನಡೆಯಿತು. ನಾನು ಅಲ್ಲಿರಲಿಲ್ಲ, ಇರುವುದೂ ಸರಿಯಲ್ಲ. ಟೀಚರಮ್ಮ ಹೇಳಿದ್ದನ್ನು ಹೇಳುತ್ತೇನೆ. ಮಗ ಮೊದಲು ಕೂಗಾಡಿದರಂತೆ, ಮನೆ ಮಾತು ಬೀದಿಗೆ ತಂದೆ ಅಂತ. ಆ ಹುಡುಗಿ ತಾನೂ ತಿರುಗಿ ಕೂಗಲಿಲ್ಲ, ಎದ್ದೂ ಹೋಗಲಿಲ್ಲ. ಹಿರಿಯ ನಾಗರಿಕರ ಕಾಯ್ದೆ ಏನು ಹೇಳುತ್ತದೆ ಅಂತ ತಿಳಿಸಿ, ತಾಯಿಯ ಪಟ್ಟಿ ಓದಿ, ಇದರಲ್ಲಿ ನಿಮ್ಮಿಂದ ಆಗದ್ದು ಯಾವುದು ಅಂತ ಕೇಳಿದಳಂತೆ. ಆಗ ಹೊರಬಂದದ್ದು: ಮಗನ ವ್ಯಾಪಾರ ನಿಂತುಹೋಗಿದೆ, ಸಾಲ ಇದೆ, ಮನೆ ನಡೆಯುತ್ತಿರುವುದೇ ತಾಯಿಯ ಪೆನ್ಷನ್ನಿನಲ್ಲಿ. ತಾಯಿಗೆ ಹೇಳಲು ನಾಚಿಕೆ. ಹಿರಿಯರ ದುಡ್ಡಿನ ಮೇಲೆ ಬದುಕುವವರೇ ಹಿಂಸೆ ಕೊಡುವ ಸಂಭವ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ, ಇದನ್ನು ನಾನು ಆಮೇಲೆ ಓದಿದೆ. ಸೊಸೆಯೂ ಮಾತಾಡಿದಳಂತೆ, ಅಡಿಗೆ, ಆಸ್ಪತ್ರೆ, ಮಗುವಿನ ಸ್ಕೂಲು ಎಲ್ಲ ಒಬ್ಬಳೇ ಮಾಡಿ ಸಾಕಾಗಿದೆ ಅಂತ. ಅದೂ ನಿಜವೇ. ನಮ್ಮ ಕಡೆ ಇಂಥ ವಿಷಯ ಬಂದ ತಕ್ಷಣ ಎಲ್ಲರೂ ಸೊಸೆಯ ಕಡೆ ಬೆರಳು ಮಾಡುತ್ತಾರೆ. ನಾನು ಕಂಡ ಮನೆಗಳಲ್ಲಿ ಮಗನ ಮೌನವೇ ಹೆಚ್ಚು ಸಲ ಮೂಲ. ಕಷ್ಟ ಇದೆ ಅನ್ನುವುದು ತಾಯಿಯನ್ನು ಹೆದರಿಸಿ ಇಡುವುದಕ್ಕೆ ಕಾರಣವಾಗಲಾರದು ಅಂತಲೂ ಹುಡುಗಿ ನೇರವಾಗಿ ಹೇಳಿದಳಂತೆ. ಅದು ನನಗೆ ಇಷ್ಟವಾಯಿತು. ರಾಜಿ ಮಾಡಿಸುವವರು ಬಹಳ ಸಲ ಎರಡೂ ಕಡೆ ತಪ್ಪಿದೆ ಅಂತ ಸಮ ಮಾಡಿ ಎದ್ದುಬಿಡುತ್ತಾರೆ.

ಈಗ ಹೇಗಿದೆ ಅಂದರೆ, ಫೋನು ಟೀಚರಮ್ಮನ ಹತ್ತಿರ ಇದೆ, ರೀಚಾರ್ಜ್ ನಾನು ಮಾಡಿಕೊಡುತ್ತೇನೆ, ದುಡ್ಡು ಅವರೇ ಕೊಡುತ್ತಾರೆ. ಎಟಿಎಂ ಕಾರ್ಡಿನ ಪಿನ್ ಬದಲಾಯಿಸಿದ್ದಾರೆ. ಮೊಮ್ಮಗ ಸಂಜೆ ಅಜ್ಜಿಯ ಹತ್ತಿರ ಕನ್ನಡ ಪಾಠ ಓದುತ್ತಾನೆ. ಭಜನೆಗೆ ಹೋಗುತ್ತಾರೆ. ಮಗ ಮಾತಾಡುತ್ತಾರಾ? ಬೇಕಾದಷ್ಟಕ್ಕೆ ಮಾತ್ರ. ಆಶ್ರಮದ ಬೆದರಿಕೆ ನಿಂತಿದೆ. ಪೂರ್ತಿ ಸರಿಹೋಯಿತು ಅಂತ ಹೇಳಲಾರೆ.

ಕಾನೂನಿನ ವಿಷಯದಲ್ಲಿ ಸಿಕ್ಕ ಮಾಹಿತಿ ತುಂಬಾ ಕೆಲಸಕ್ಕೆ ಬಂತು. ಯಾಕೆಂದರೆ ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಡಿ ಅನ್ನುವ ಒತ್ತಡ ಅಷ್ಟು ಹೊತ್ತಿಗೆ ಶುರುವಾಗಿತ್ತು. ಹೆದರಿಕೆಯಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ ಅನ್ನುವುದು ಮೊದಲ ಮಾತು. ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆ 2007ರದು. ಅದರ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳುತ್ತೇವೆ ಅನ್ನುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆಮೇಲೆ ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಆ ಷರತ್ತು ಪತ್ರದಲ್ಲೇ ಬರೆದಿರಬೇಕು, ಇಲ್ಲದಿದ್ದರೆ ರುಜುವಾತು ಕಷ್ಟ. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಗನಿಗೆ ಬರೆದುಕೊಟ್ಟ ದಾನಪತ್ರ ರದ್ದು ಮಾಡಿ ತಾಯಿಗೆ ಸ್ವಾಧೀನ ವಾಪಸ್ ಕೊಡಿಸಿತು, ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥ ಮಾಡಬೇಕು ಅಂತಲೂ ಹೇಳಿತು. ಅರ್ಜಿ ಹಾಕುವುದು ಉಪವಿಭಾಗಾಧಿಕಾರಿ ನಡೆಸುವ ನ್ಯಾಯಮಂಡಳಿಯಲ್ಲಿ. ಹಿರಿಯರ ಕೈಲಾಗದಿದ್ದರೆ ಅವರು ಒಪ್ಪಿದ ಬೇರೊಬ್ಬರೋ ಸಂಸ್ಥೆಯೋ ಹಾಕಬಹುದು. ಜೀವನಾಂಶವನ್ನು ತಿಂಗಳಿಗೆ 10,000 ರೂಪಾಯಿಯವರೆಗೆ ಕೊಡಿಸಬಹುದು. ಮನೆಯನ್ನು ತಮ್ಮ ನಂತರ ಮಗನಿಗೇ ಕೊಡುವ ಮನಸ್ಸಿದ್ದರೆ ವಿಲ್ ಬರೆಯಬಹುದು, ಬದುಕಿರುವ ತನಕ ಅದನ್ನು ಬದಲಾಯಿಸುವ ಹಕ್ಕು ಅವರದೇ. ಟೀಚರಮ್ಮ ಅದನ್ನೇ ಆಯ್ಕೆ ಮಾಡಿಕೊಂಡರು.

ಆದರೆ ನೋಡಿ, ಈ ಕಾಯ್ದೆ ದುಡ್ಡು, ಆಸ್ತಿ, ಬಿಟ್ಟುಹೋಗುವುದು ಇವುಗಳ ಬಗ್ಗೆ ಸ್ಪಷ್ಟವಾಗಿದೆ. ಹಿರಿಯರನ್ನು ತೊರೆದರೆ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ. ಮನೆಯಲ್ಲೇ ಇಟ್ಟುಕೊಂಡು ಮಾತಿನಲ್ಲಿ ಕೊಲ್ಲುವುದಕ್ಕೆ ನೇರ ಶಿಕ್ಷೆ ಇದರಲ್ಲಿ ಇಲ್ಲ. ಅದನ್ನೂ ಸೇರಿಸುವ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು, ಕಾಯ್ದೆ ಆಗಲಿಲ್ಲ. ಮಾತಿನ ಮತ್ತು ಭಾವನಾತ್ಮಕ ಹಿಂಸೆಯನ್ನು ಹೆಸರಿಟ್ಟು ಹೇಳುವುದು 2005ರ ಕೌಟುಂಬಿಕ ಹಿಂಸೆ ಕಾಯ್ದೆ. ತಾಯಿ, ಅತ್ತೆ ಎಲ್ಲರೂ ಅದರ ಕೆಳಗೆ ದೂರು ಕೊಡಬಹುದು, ಗಂಡನ ಮೇಲೆ ಹೆಂಡತಿ ಕೊಡುವುದಕ್ಕೆ ಮಾತ್ರ ಇರುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ನಂಬರ್ 15100. ಆದರೆ ಕೌಟುಂಬಿಕ ಹಿಂಸೆ ಕಾಯ್ದೆ ಹೆಂಗಸರಿಗೆ ಮಾತ್ರ. ಸ್ಪೀಕರ್ ಫೋನಿನ ಪಕ್ಕ ಕೂತ ಆ ತಾತನಿಗೆ ಅದರಲ್ಲಿ ಜಾಗವಿಲ್ಲ. ಕೊಲ್ಲುತ್ತೇನೆ, ಕೈಕಾಲು ಮುರಿಯುತ್ತೇನೆ ಅಂತ ಹೆದರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್ ಇದೆ. ತಿಂಗಳುಗಟ್ಟಲೆ ಮಾತು ಬಿಟ್ಟು ಇರುವುದಕ್ಕೆ ಯಾವ ಸೆಕ್ಷನ್? ಹಾಗಾಗಿಯೇ ಸಹಾಯವಾಣಿಯ ಮಾತುಕತೆ, ಮನೆ ಭೇಟಿ ಇವುಗಳ ಬೆಲೆ ಹೆಚ್ಚು. ಕಾನೂನಿನ ಕೈ ಚಾಚದ ಜಾಗಕ್ಕೆ ಅವರು ಹೋಗುತ್ತಾರೆ.

ಒಂದು ಅಂಕ ಯಾಕೆ ಕಡಿಮೆ ಮಾಡಿದೆ? ಸಮಯ. ಹಿರಿಯರಿಗೆ ರಾತ್ರಿ ಎಂಟರ ನಂತರವೇ ಕಷ್ಟ. ಎಲ್ಲರೂ ಮನೆ ಸೇರಿ, ಬಾಗಿಲು ಹಾಕಿದ ಮೇಲೆ. ಆಗ ಅಪಾಯ ಅನಿಸಿದರೆ 112ಕ್ಕೇ ಮಾಡಬೇಕು, ಅಲ್ಲಿ ಮತ್ತೆ ಗಾಯದ ಪ್ರಶ್ನೆಯೇ ಮೊದಲು ಬರಬಹುದು. ಸಂಜೆ ಎಂಟಕ್ಕೆ ಮುಗಿಯುವ ವ್ಯವಸ್ಥೆ ಈ ಥರದ ಹಿಂಸೆಗೆ ಹೊಂದುವುದಿಲ್ಲ. ಎರಡನೆಯದು, ಸಹಾಯವಾಣಿಗೆ ಆದೇಶ ಮಾಡುವ ಅಧಿಕಾರ ಇಲ್ಲ. ಮಗ ಅವತ್ತು ಬಾಗಿಲನ್ನೇ ತೆಗೆಯದಿದ್ದರೆ ಮುಂದಿನ ದಾರಿ ನ್ಯಾಯಮಂಡಳಿ ಅಥವಾ ಪೊಲೀಸೇ. ಮೂರನೆಯದು ನನಗೆ ತುಂಬಾ ಬೇಸರದ ವಿಷಯ: ನನ್ನ ಗ್ರಾಹಕರಲ್ಲಿ ಈ ನಂಬರ್ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಗೊತ್ತಿದ್ದರೂ, ಫೋನನ್ನೇ ಕಿತ್ತುಕೊಂಡವರಿಗೆ ಫೋನಿನ ಸೇವೆ ಹೇಗೆ ಮುಟ್ಟುತ್ತದೆ? ಪಕ್ಕದ ಮನೆಯವರು, ಹಾಲಿನವರು, ಮಾತ್ರೆ ಅಂಗಡಿಯವರು, ನನ್ನಂಥವರು ಮುಟ್ಟಿಸಬೇಕು.

ಬೆಂಗಳೂರಿನವರಿಗೆ ಇದಕ್ಕಿಂತ ಹಳೆಯದು ಒಂದಿದೆ. ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಶುರು ಮಾಡಿದ ಹಿರಿಯರ ಸಹಾಯವಾಣಿ, 1090. ಪೊಲೀಸರೂ ಆಪ್ತಸಮಾಲೋಚಕರೂ ಜೊತೆಗಿರುವುದು ಅದರ ಬಲ. ಅದನ್ನು ನಾನು ಬಳಸಿಲ್ಲ, ಅಂಕ ಕೊಡುವುದಿಲ್ಲ.

ಫೋನ್ ಮಾಡುವವರಿಗೆ ನನ್ನ ಅನುಭವದಿಂದ ಸ್ವಲ್ಪ ಹೇಳುತ್ತೇನೆ. ಹಿರಿಯರ ಮನೆಯಿಂದ ಮಾಡಬೇಡಿ, ಅವರ ಫೋನಿನಿಂದಲೂ ಬೇಡ, ಕರೆಗಳ ಪಟ್ಟಿ ಯಾರಾದರೂ ನೋಡಬಹುದು. ದೂರಿನ ನಂಬರ್ ಕೇಳಿ ಬರೆದುಕೊಳ್ಳಿ, ಮುಂದಿನ ಸಲ ಅದನ್ನೇ ಹೇಳಿ. ಅವರಿಗೆ ಮಾತಾಡಲು ಧೈರ್ಯ ಬರದಿದ್ದರೆ ಕಾಯಿರಿ. "ನಿಮ್ಮ ಮಗ ಹೀಗೆ, ಸೊಸೆ ಹಾಗೆ" ಅಂತ ಶುರು ಮಾಡಬೇಡಿ, ಹೆತ್ತ ಕರುಳು, ತಕ್ಷಣ ಮಗನ ಪರ ನಿಂತುಬಿಡುತ್ತಾರೆ. "ಈಚೆಗೆ ಭಜನೆಗೆ ಬರ್ತಾ ಇಲ್ವಲ್ಲಮ್ಮ, ಯಾಕೆ?" ಅಷ್ಟು ಸಾಕು. ಮಗನಿಗೋ ಸೊಸೆಗೋ ನೀವೇ ಹೋಗಿ ಬುದ್ಧಿ ಹೇಳಬೇಡಿ. ನೀವು ಗೇಟು ದಾಟಿದ ಮೇಲೆ ಅದರ ಬಿಸಿ ಅವರಿಗೆ ತಟ್ಟುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 60 ದಾಟಿದ ಆರು ಜನರಲ್ಲಿ ಒಬ್ಬರು ಒಂದು ವರ್ಷದಲ್ಲಿ ಯಾವುದಾದರೊಂದು ಬಗೆಯ ಹಿಂಸೆ ಅನುಭವಿಸಿರುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಮಾನಸಿಕ ಹಿಂಸೆ, ಶೇ 11.6. 28 ದೇಶಗಳ 52 ಅಧ್ಯಯನಗಳನ್ನು ಸೇರಿಸಿ ತೆಗೆದ ಅಂಕಿ ಅದು. ಇದನ್ನು ಓದಿದ ಮೇಲೆ ನನ್ನ ಸುತ್ತಿನ ಮನೆಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಟೀಚರಮ್ಮನ ಮನೆ ಒಂದೇ ಆಗಿರಲು ಸಾಧ್ಯವಿಲ್ಲ.

ರಾಜ್ಯದ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ನನ್ನದೊಂದು ಕೋರಿಕೆ. ಪ್ರತಿ ವರ್ಷ ಜೂನ್ 15ರಂದು ಹಿರಿಯರ ಮೇಲಿನ ದೌರ್ಜನ್ಯದ ವಿರುದ್ಧ ಜಾಗೃತಿ ದಿನ ಆಚರಿಸುತ್ತೀರಿ. ಸಭಾಂಗಣದಲ್ಲಿ ಕೂತವರಿಗೆ ಈ ನಂಬರ್ ಗೊತ್ತಿರುತ್ತದೆ. ಪೆನ್ಷನ್ ಪಾಸ್‌ಬುಕ್ಕಿನ ಮೇಲೆ, ರೇಷನ್ ಅಂಗಡಿಯಲ್ಲಿ, ಅಂಚೆ ಕಚೇರಿಯ ಕೌಂಟರಿನಲ್ಲಿ, ಬಿಪಿ ಮಾತ್ರೆ ಕೊಡುವ ಕಿಟಕಿಯ ಪಕ್ಕದಲ್ಲಿ ಇದನ್ನು ದಪ್ಪ ಕನ್ನಡ ಅಕ್ಷರದಲ್ಲಿ ಹಾಕಿಸಿ. ಕೆಳಗೆ ಒಂದು ಸಾಲು ಇರಲಿ: ಹೊಡೆದಿರದಿದ್ದರೂ ಫೋನ್ ಮಾಡಬಹುದು.